ಇತ್ತ್ ಎಂಬ ವರ್ತಮಾನ

ನಾನು ಎರಡು ಶಾಲೆಗಳಿಗೆ ಮುಖ್ಯೋಪಾಧ್ಯಾಯ. ಸಂಬಳ ಮಾತ್ರ ಒಂದೇ ಶಾಲೆಯದು. ಮೊದಲನೆಯ ಶಾಲೆ ಬೈಂದೂರಿಗೂ ಶಿರೂರಿಗೂ ನಡುವೆ, ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ಮಣ್ಣುರಸ್ತೆಯ ಕೊನೆಯಲ್ಲಿದೆ. ಹಂಚಿನ ಮಾಡು, ಸಿಹಿನೀರಿನ ಬಾವಿ, ಹಿಂದೆ ಗಾಳಿಮರಗಳ ಸಾಲು, ಒಳಗೆ ಗಲಾಟೆ ಮಾಡುವ ಮಕ್ಕಳು. ಎರಡನೆಯ ಶಾಲೆ ಕಂಪ್ಯೂಟರಿನೊಳಗಿದೆ. ಅದಕ್ಕೂ ಅದೇ ಹೆಸರು, ಅದೇ ಮಕ್ಕಳು, ಅದೇ ಹೆಡ್ಮಾಷ್ಟ್ರು. ವ್ಯತ್ಯಾಸವೆಂದರೆ ಎರಡನೆಯ ಶಾಲೆಗೆ ಉದ್ದನೆಯ ಒಂದು ಸಂಖ್ಯೆಯುಂಟು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆ ಸಂಖ್ಯೆಯನ್ನು ತಪ್ಪಿಲ್ಲದೆ ಹೇಳುತ್ತೇನೆ. ಮದುವೆಯಾದ ತಾರೀಕು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ, ಮತ್ತು ಇದನ್ನು ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಎರಡು ಶಾಲೆಗಳಲ್ಲಿ ಯಾವುದು ನಿಜವಾದದ್ದು ಎಂದು ನೀವು ಕೇಳಬಹುದು. ನಾನೂ ಮೊದಮೊದಲು ಕೇಳಿಕೊಳ್ಳುತ್ತಿದ್ದೆ. ಮೊದಲನೆಯ ಶಾಲೆಗೆ ಬರುವವರು ಮಕ್ಕಳು, ಬಿಸಿಯೂಟದ ತರಕಾರಿ ತರುವ ರಿಕ್ಷಾದವರು, ಮಳೆಗಾಲದಲ್ಲಿ ಒಂದಷ್ಟು ಕಪ್ಪೆಗಳು. ಎರಡನೆಯ ಶಾಲೆಯನ್ನು ಬೈಂದೂರು, ಕುಂದಾಪುರ, ಉಡುಪಿ, ಬೆಂಗಳೂರಿನಿಂದ ದಿನವೂ ನೋಡುತ್ತಾರೆ. ಅಲ್ಲಿ ಒಂದು ಮೊಟ್ಟೆ ಹೆಚ್ಚು ಕಡಿಮೆಯಾದರೂ ಫೋನು ಬರುತ್ತದೆ. ಮೊಟ್ಟೆ ತಿನ್ನುವವರ ಪಟ್ಟಿಯಲ್ಲಿರುವ ಹುಡುಗ ಸೋಮವಾರ ಬಂದು, "ಇವತ್ತ್ ಮೊಟ್ಟೆ ಬ್ಯಾಡ, ಬಾಳೆಹಣ್ಣ್ ಕೊಡಿ" ಎಂದರೆ ಅಡುಗೆಯ ಗಿರಿಜಕ್ಕ ಕೊಟ್ಟುಬಿಡುತ್ತಾರೆ. ತಂತ್ರಾಂಶ ಕೊಡುವುದಿಲ್ಲ. ಒಮ್ಮೆ ಮೊಟ್ಟೆ ತಿಂದವನು ಸದಾ ಮೊಟ್ಟೆ ತಿನ್ನುವವನೇ ಎಂಬುದು ಅದರ ಸಿದ್ಧಾಂತ. ವಾರದ ದಿನ ನೋಡಿ ನಿಯಮ ಬದಲಿಸುವ ನಮ್ಮ ಕಡಲತಡಿಯ ಧರ್ಮಸೂಕ್ಷ್ಮ ಅದಕ್ಕೆ ಹೇಗೆ ತಿಳಿಯಬೇಕು?

ನಾನು ಯಂತ್ರದ ವಿರೋಧಿಯಲ್ಲ. ಹಿಂದೆ ಶಾಲೆಯ ದಾಖಲೆಗಳನ್ನು ಗೆದ್ದಲು ತಿನ್ನುತ್ತಿತ್ತು, ಈಗ ಸರ್ವರ್ ತಿನ್ನುತ್ತದೆ. ಗೆದ್ದಲಾದರೆ ಒಂದು ಮೂಲೆಯಿಂದ ಶುರುಮಾಡಿ, ಸಾವಕಾಶವಾಗಿ, ನಮಗೂ ಸ್ವಲ್ಪ ಉಳಿಸಿ ತಿನ್ನುತ್ತಿತ್ತು ಎಂಬುದಷ್ಟೇ ನನ್ನ ದೂರು. ಹಾಗೆಂದು ಹಳೆಯ ಕಾಲವೇ ಚಂದವಿತ್ತು ಎನ್ನಲಾರೆ. ಒಂದು ವರ್ಗಾವಣೆ ಪತ್ರಕ್ಕಾಗಿ ತಾಯಂದಿರು ವಾರಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ. ಈಗ ಅದು ಗುಂಡಿ ಒತ್ತಿದರೆ ಬರುತ್ತದೆ, ಗುಂಡಿ ಒತ್ತಲು ಬೇಕಾದ ಒಟಿಪಿ ಬಂದರೆ.

ಒಟಿಪಿಯದೊಂದು ಪುರಾಣವೇ ಇದೆ. ಆ ಎರಡನೆಯ ಶಾಲೆಯ ಬೀಗದ ಕೈ ಇಂದಿಗೂ ನನಗಿಂತ ಹಿಂದಿನ ಹೆಡ್ಮಾಷ್ಟ್ರ ಮೊಬೈಲಿನಲ್ಲಿದೆ. ಅವರು ನಿವೃತ್ತರಾಗಿ ಬಾರ್ಕೂರಿನಲ್ಲಿ ತೆಂಗಿನ ಗಿಡಗಳಿಗೆ ನೀರು ಬಿಡುತ್ತಿದ್ದಾರೆ. ನಂಬರು ಬದಲಿಸಿಕೊಡಿ ಎಂದು ಅರ್ಜಿ ಹಾಕಿದರೆ, ಬದಲಾವಣೆಯನ್ನು ದೃಢೀಕರಿಸುವ ಒಟಿಪಿಯೂ ಅವರಿಗೇ ಹೋಗುತ್ತದೆ. ನಾನು ಫೋನು ಮಾಡಿದರೆ ಅವರು ಮೊದಲು ನನ್ನ ಆರೋಗ್ಯ, ಆಮೇಲೆ ಶಾಲೆಯ ಹಂಚು, ಆಮೇಲೆ ಬಂಗುಡೆ ಮೀನಿನ ರೇಟು ವಿಚಾರಿಸುತ್ತಾರೆ. ಕೊನೆಗೆ ಕನ್ನಡಕ ಹುಡುಕಿ ಒಂದೊಂದೇ ಅಂಕಿಯನ್ನು ಮಗ್ಗಿ ಹೇಳಿಸುವ ರಾಗದಲ್ಲಿ ಓದುವ ಹೊತ್ತಿಗೆ ಅದರ ಆಯುಷ್ಯ ತೀರಿರುತ್ತದೆ. "ಮತ್ತೊಂದ್ ಕಳ್ಸಿ, ನಾ ಇಲ್ಲೇ ಕೂಕಂಡಿದ್ದೆ" ಎನ್ನುತ್ತಾರೆ ಬಹಳ ಸಂತೋಷದಿಂದ. ನಿವೃತ್ತಿಯಾದ ಮೇಲೂ ತಾವಿಲ್ಲದೆ ಶಾಲೆ ನಡೆಯುವುದಿಲ್ಲ ಎಂಬ ಸುಖ ಎಷ್ಟು ಮಂದಿ ಮಾಷ್ಟ್ರುಗಳಿಗೆ ಸಿಕ್ಕೀತು? ಅದಕ್ಕೇ ನಾನೂ ಅರ್ಜಿಯ ಬೆನ್ನು ಹತ್ತಿಲ್ಲ.

ಇನ್ನು ಅಂತರ್ಜಾಲ. ಬಗೆಬಗೆಯ ಬಲೆ ಬೀಸಿ ಬದುಕುವ ಊರು ನಮ್ಮದು. ಕೈಬಲೆ, ಬೀಸುಬಲೆ, ಪಟ್ಟಿಬಲೆ ಎಲ್ಲವೂ ಇಲ್ಲಿ ಸಿಗುತ್ತವೆ. ಈ ಒಂದು ಜಾಲ ಮಾತ್ರ ಬಾವಿಕಟ್ಟೆಯ ಮೇಲೆ, ಅದೂ ಪಡುವಣ ಮೂಲೆಯಲ್ಲಿ ನಿಂತರೆ ಅಷ್ಟಿಷ್ಟು ಸಿಗುತ್ತದೆ. ಮಾತಾಡಲು ಸಾಕಾಗುತ್ತದೆ, ಮಾಹಿತಿ ತುಂಬಲು ಸಾಕಾಗುವುದಿಲ್ಲ. ನಮ್ಮ ಶಾಲೆಯ ತಲೆಯ ಮೇಲೆ ಕತ್ತಿ ತೂಗಿದ್ದು ಇದರಿಂದಲೇ.

ಹೋದ ವರ್ಷ ಶಾಲೆಗಳ ಮೂಲಸೌಕರ್ಯದ ವಿವರವನ್ನು ತಂತ್ರಾಂಶಕ್ಕೆ ತುಂಬಬೇಕೆಂದು ಸೂಚನೆ ಬಂತು. ಬಾವಿ ಇದೆಯೇ, ಶೌಚಾಲಯ ಇದೆಯೇ, ಅಡುಗೆಮನೆ ಇದೆಯೇ ಎಂಬ ಪ್ರಶ್ನೆಗಳು. ಪ್ರತಿಯೊಂದರ ಮುಂದೆ ಎರಡೇ ಗುಂಡಿ, "ಇದೆ" ಮತ್ತು "ಇಲ್ಲ". ಕೊನೆಯ ದಿನದವರೆಗೂ ನಮ್ಮಲ್ಲಿ ಆ ಪುಟ ತೆರೆದುಕೊಳ್ಳಲೇ ಇಲ್ಲ. ನಾನು ಬಾವಿಕಟ್ಟೆ ಹತ್ತಿ ಬೈಂದೂರಿನ ಶಿಕ್ಷಣ ಕಚೇರಿಗೆ ಫೋನು ಮಾಡಿದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರಲು ಗದಗದ ಕಡೆಯಿಂದ ವೀರೇಶ ಎಂಬ ತರುಣರು ಬಂದು ವಾರವೂ ಆಗಿರಲಿಲ್ಲ. ಬಹಳ ಒಳ್ಳೆಯ ಮನುಷ್ಯ. "ನೀವು ಹೇಳ್ಕೋತ ಹೋಗ್ರಿ ಸರ್, ನಾ ತುಂಬ್ಕೋತ ಹೋಗ್ತೀನಿ" ಎಂದರು.

"ಸಾಲ್ಯಾಗ ಬಾವಿ ಐತೇನ್ರೀ ಸರ್?"

"ಇತ್ತ್" ಎಂದೆ.

"ಹೆಣ್ಣುಮಕ್ಕಳ ಶೌಚಾಲಯ?"

"ಇತ್ತ್."

"ಅಡಗಿ ಮನಿ?"

"ಇತ್ತ್ ಮಾರಾಯ್ರೆ. ಮೊನ್ನೆ ಆಚೆ ಸುಣ್ಣ ಹೊಡ್ಸಿದ್ದ್."

ಅಲ್ಲಿಂದ ಒಂದು ನಿಟ್ಟುಸಿರು ಕೇಳಿಸಿತು. "ಕಂಪೌಂಡ್ ಗ್ವಾಡಿ ಸರ್?"

"ಇತ್ತ್. ಸುತ್ತಲೂ ಇತ್ತ್."

ವೀರೇಶರ ದನಿ ತೀರ ಇಳಿಯಿತು. "ಸಮುದ್ರ ಭಾಳ ಸನೇಕ ಐತೇನ್ರೀ?"

"ಹತ್ರವೇ. ಮಳ್ಗಾಲ್ದಂಗೆ ಗಾಳಿಮರದ ಬುಡದ್ ತನಕ ಬತ್ತ್."

"ಮಕ್ಕಳಿಗೆ ಏನೂ ಆಗಿಲ್ಲಲ್ರೀ?"

"ಮಕ್ಕಳಿಗೆ ಎಂತ ಆಯ್ಕ್? ಗಮ್ಮತ್ತಂಗ್ ಬತ್ರ್."

"ಅಷ್ಟಾದ್ರ ಸಾಕ್ ಬಿಡ್ರಿ ಸರ್. ಕಾಳಜಿ ತಗೋರಿ" ಎಂದು ಫೋನಿಟ್ಟರು. ಉತ್ತರ ಕರ್ನಾಟಕದವರ ಸೌಜನ್ಯವೇ ಸೌಜನ್ಯ, ಒಂದು ಮಾಹಿತಿ ತುಂಬುವಾಗಲೂ ಮಕ್ಕಳ ಕ್ಷೇಮ ವಿಚಾರಿಸುತ್ತಾರೆ ಎಂದು ಹೊಗಳಿಕೊಳ್ಳುತ್ತ ನಾನು ಕಟ್ಟೆ ಇಳಿದೆ.

ಕೆಲವು ವಾರಗಳ ಮೇಲೆ ಮುಖ್ಯೋಪಾಧ್ಯಾಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಪಟ್ಟಿ ಬಂತು. ಮೂಲಸೌಕರ್ಯ ಇಲ್ಲದ, ಮಕ್ಕಳೂ ಕಡಿಮೆ ಇರುವ ಶಾಲೆಗಳನ್ನು ಹತ್ತಿರದ ಶಾಲೆಗೆ ಸೇರಿಸುವ ಪ್ರಸ್ತಾವವಂತೆ. ಅದರಲ್ಲಿ ನಮ್ಮ ಶಾಲೆಯ ಹೆಸರು ಎಲ್ಲಕ್ಕಿಂತ ಮೇಲಿತ್ತು. ಇಪ್ಪತ್ತು ವರ್ಷ ಪಾಠ ಹೇಳಿದವನ ಶಾಲೆ ಯಾವುದರಲ್ಲಾದರೂ ಮೊದಲು ಬಂದದ್ದು ಅದೇ ಮೊದಲು. ನಮ್ಮ ಮಕ್ಕಳೆಲ್ಲ ಇನ್ನು ಹೆದ್ದಾರಿಯ ಮೂಡುಬದಿಯ ಶಾಲೆಗೆ ಹೋಗಬೇಕು. ಆ ಶಾಲೆ ಒಳ್ಳೆಯದೇ. ಆದರೆ ನಡುವೆ ಹೆದ್ದಾರಿಯಿದೆ.

ಗಿರಿಜಕ್ಕ ನಮ್ಮ ಬಿಸಿಯೂಟದ ಅಡುಗೆಯವರು. ಅವರ ಮೊಮ್ಮಗಳು ಶ್ರಾವ್ಯ ಎರಡನೇ ಕ್ಲಾಸು. ಅಪ್ಪ ದೋಣಿಯಲ್ಲಿ, ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ. ಬೆಳಿಗ್ಗೆ ಅಜ್ಜಿಯ ಸೆರಗು ಹಿಡಿದುಕೊಂಡು ಬರುವ ಮಗು ಸಂಜೆ ಅದೇ ಸೆರಗು ಹಿಡಿದುಕೊಂಡು ಹೋಗುತ್ತದೆ. ವಾಟ್ಸಾಪಿನ ಸುದ್ದಿ ಅವರನ್ನು ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮರುದಿನ ಸಾರಿಗೆ ಒಗ್ಗರಣೆ ಹಾಕಿ ಕೈ ಒರೆಸಿಕೊಳ್ಳುತ್ತ ಬಂದರು.

"ಮಾಷ್ಟ್ರೆ, ನಮ್ ಶಾಲಿ ಮುಚ್ತ್ರ್ ಅಂಬ್ರಲೆ, ಹೌದಾ?"

ಏನೋ ತಪ್ಪಾಗಿದೆ, ಸರಿ ಮಾಡಿಸುತ್ತೇನೆ ಎಂದೆ.

"ನನ್ ಕೆಲ್ಸ ಹೋರೆ ಹೋಯ್ಲಿ, ಬೇರೆ ಎಂತಾರೂ ಮಾಡ್ತೆ. ಈ ಮಗು ಆ ರಸ್ತಿ ಹ್ಯಾಂಗ್ ದಾಂಟುದ್? ಲಾರಿಯವ್ರ್ ಆನಿ ಬಂದ್ರೂ ನಿಲ್ಸುದಿಲ್ಲೆ."

ಅವರು ಅಳಲಿಲ್ಲ, ಜಗಳವಾಡಲಿಲ್ಲ. ಹೋಗಿ ಅನ್ನ ಬಡಿಸಿದರು. ನನಗೆ ಆ ದಿನ ಊಟ ಸೇರಲಿಲ್ಲ. ಎರಡನೆಯ ಶಾಲೆಯ ಚೇಷ್ಟೆಗಳನ್ನು ಅಷ್ಟು ದಿನ ತಮಾಷೆ ಮಾಡಿಕೊಂಡಿದ್ದವನಿಗೆ, ಅದು ಮೊದಲನೆಯ ಶಾಲೆಯನ್ನು ನುಂಗಬಲ್ಲದು ಎಂದು ಹೊಳೆದು ಹೆದರಿಕೆಯೇ ಆಯಿತು.

ಬಸ್ಸು ಹತ್ತಿ ಕಚೇರಿಗೆ ಹೋದೆ. ವೀರೇಶರು ನನ್ನನ್ನು ಕಂಡದ್ದೇ ಎದ್ದು ನಿಂತು, ಕುರ್ಚಿ ಎಳೆದುಕೊಟ್ಟು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. "ನಿಮ್ಮ ಸಾಲಿ ನೀರಾಗ ಹೋತಲ್ರೀ ಸರ್. ನಂಗ ಎರಡ್ ದಿನ ಮನಸ್ಸಿಗೆ ಸಮಾಧಾನನ ಇರ್ಲಿಲ್ಲ" ಎಂದರು.

"ನೀರಲ್ಲಿ ಹೋದದ್ದು ಯಾವುದು?"

"ನೀವಾ ಹೇಳಿದ್ರಲ್ರೀ. ಬಾವಿ ಇತ್ತು, ಶೌಚಾಲಯ ಇತ್ತು, ಗ್ವಾಡಿ ಇತ್ತು ಅಂತ. ಇತ್ತು ಅಂದ್ರ ಈಗ ಇಲ್ಲ ಅಂತ ಅಲ್ಲೇನ್ರೀ? ನಾ ಎಲ್ಲಾದಕ್ಕೂ 'ಇಲ್ಲ' ಒತ್ತೀನಿ."

ಕುಂದಾಪ್ರ ಕನ್ನಡದಲ್ಲಿ ಇತ್ತ್ ಅಂದರೆ ಇದೆ. ಮನೆ ಎಲ್ಲಿತ್ತ್ ಎಂದರೆ ಮನೆ ಎಲ್ಲಿದೆ ಎಂದು. ಇದ್ರ್ ಎಂದರೆ ಇದ್ದಾರೆ, ಸಲಿಗೆಯ ಹೆಂಗಸರಿಗೆ ಮಾತ್ರ ಇತ್ತ್ ಎಂದೇ ಹೇಳುತ್ತೇವೆ. ಹಿಂದೆ ಇದ್ದು ಈಗ ಇಲ್ಲದ್ದಕ್ಕೆ ನಾವು ಇದ್ದಿತ್ತ್ ಎಂದು ಇನ್ನೊಂದು ಮಣೆ ಹಾಕಿ ಕೂರಿಸುತ್ತೇವೆ. ಶಾಲೆಯಲ್ಲಿ ನಾನು ಕಲಿಸುವುದೇ ಕನ್ನಡ. ಹಲಗೆಯ ಮೇಲೆ ಭೂತಕಾಲ, ವರ್ತಮಾನಕಾಲ, ಭವಿಷ್ಯತ್ಕಾಲ ಎಂದು ಮೂರು ಗೆರೆ ಎಳೆದು ಮಕ್ಕಳಿಗೆ ಬೆತ್ತ ತೋರಿಸಿದವನು, ಬಾವಿಕಟ್ಟೆ ಹತ್ತಿದ ಕೂಡಲೇ ಅಬ್ಬಿ, ಅಂದರೆ ಹೆತ್ತ ತಾಯಿ, ಕಲಿಸಿದ ಕನ್ನಡದಲ್ಲಿ ಮಾತಾಡಿಬಿಟ್ಟಿದ್ದೆ. ವೀರೇಶರ ತಪ್ಪೇನೂ ಇಲ್ಲ. ವ್ಯಾಕರಣ ಪರೀಕ್ಷೆಯಲ್ಲಿ ಅವರಿಗೆ ಪೂರ್ಣ ಅಂಕ ಕೊಡಬೇಕು, ನನ್ನನ್ನು ಫೇಲು ಮಾಡಬೇಕು.

ಆದರೂ ಸ್ವಲ್ಪ ಯೋಚಿಸಿ ನೋಡಿ. ನಮ್ಮ ಕರಾವಳಿಯಲ್ಲಿ ಭೂತವೆಂದರೆ ಕಳೆದುಹೋದದ್ದಲ್ಲವಷ್ಟೆ, ಊರು ಕಾಯುವ ದೈವ. ಅದು ವರ್ಷಕ್ಕೊಮ್ಮೆ ಕಾಲಿಗೆ ಗಗ್ಗರದ ಗೆಜ್ಜೆ ಕಟ್ಟಿಕೊಂಡು ಬಂದು, ಎದುರು ನಿಂತು, ಎಂತ ಮಕ್ಕಳೇ ಸೌಖ್ಯವೇ ಎಂದು ಕೇಳುತ್ತದೆ, ತಪ್ಪಿದವರನ್ನು ಗದರುತ್ತದೆ, ಎಳನೀರು ಕುಡಿಯುತ್ತದೆ. ಭೂತವೇ ಹೀಗೆ ವರ್ತಮಾನದಲ್ಲಿ ಓಡಾಡಿಕೊಂಡಿರುವ ಊರಿನ ಜನ ಇತ್ತ್ ಎಂದು ಇದೆ ಎನ್ನುವುದರಲ್ಲಿ ಆಶ್ಚರ್ಯವೇನು? ಈ ಸಿದ್ಧಾಂತವನ್ನು ವೀರೇಶರಿಗೆ ಹೇಳಿದೆ. ಅವರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, "ಕರೆಕ್ಟ್ ಐತ್ರೀ ಸರ್, ಆದ್ರ ಸಾಫ್ಟ್‌ವೇರ್‌ನ್ಯಾಗ ಇದನ್ನ ಎಲ್ಲಿ ಹಾಕೋಣ?" ಎಂದರು.

ಅದೇ ನಿಜವಾದ ಪ್ರಶ್ನೆ. "ಇಲ್ಲ" ಎಂದು ಒತ್ತಿದ್ದನ್ನು "ಇದೆ" ಎಂದು ಬದಲಿಸಲು ಕಾರಣ ಕೊಡಬೇಕು. ಕಾರಣಗಳನ್ನೂ ತಂತ್ರಾಂಶವೇ ಕೊಡುತ್ತದೆ, ನಾವು ಆರಿಸಿಕೊಂಡರಾಯಿತು. ಮೊದಲನೆಯದು "ಹೊಸದಾಗಿ ನಿರ್ಮಿಸಲಾಗಿದೆ". ಅದನ್ನು ಒತ್ತಿದರೆ, ಯಾವ ಅನುದಾನದಲ್ಲಿ ಎಂದು ಕೇಳುತ್ತದೆ. ನನ್ನ ಅಜ್ಜನ ಕಾಲದ ಬಾವಿಗೆ ನಾನು ಯಾವ ಅನುದಾನ ತೋರಿಸಲಿ? ಎರಡನೆಯದು "ದಾನಿಗಳಿಂದ ದೊರೆತಿದೆ". ಶೌಚಾಲಯವನ್ನು, ಕಂಪೌಂಡನ್ನು, ಬಾವಿಯನ್ನು ಒಂದೇ ತಿಂಗಳಲ್ಲಿ ಕೊಟ್ಟ ಆ ಮಹಾದಾನಿಗೆ ಸನ್ಮಾನ ಮಾಡಿ ಎಂದು ನಾಳೆ ಆದೇಶ ಬಂದರೆ ಯಾರಿಗೆ ಶಾಲು ಹೊದಿಸುವುದು? ಕೊನೆಯದು "ಇತರೆ". ಅದರ ಮುಂದೆ ಚಿಕ್ಕದೊಂದು ಚೌಕ. ಕುಂದಾಪ್ರ ಕನ್ನಡದ ಕ್ರಿಯಾಪದ ವಿಚಾರವನ್ನು ಅದರೊಳಗೆ ಅಡಕಮಾಡಲು ನಾವಿಬ್ಬರೂ ಒಂದು ಮಧ್ಯಾಹ್ನ ಕಳೆದೆವು. ಕಡೆಗೆ "ಇತ್ತ್ ಅಂದರೆ ಇದೆ" ಎಂದಷ್ಟೇ ಬರೆದು ಕಳಿಸಿದೆವು. ಅದನ್ನು ಓದಿದವರಿಗೆ ಏನನ್ನಿಸಿತೋ, ಸ್ಥಳ ಪರಿಶೀಲನೆಗೆ ಅಧಿಕಾರಿಯೊಬ್ಬರು ಬರುತ್ತಾರೆಂದು ಸಂದೇಶ ಬಂತು. ಅವರ ವರದಿಯ ಮೇಲೆ ಶಾಲೆಯ ಅಳಿವು ಉಳಿವು.

ಬರುವವರು ಮೈಸೂರು ಕಡೆಯ ಮೇಡಂ ಎಂದು ತಿಳಿಯಿತು. ಅವರ ಕಿವಿಗೂ ಇತ್ತ್ ಎಂದರೆ ಭೂತಕಾಲವೇ. ಕ್ಲಾಸು ಕ್ಲಾಸಿಗೆ ಹೋಗಿ ಮಕ್ಕಳಿಗೆ ಹೇಳಿದೆ. "ನಾಳೆ ಯಾರು ಏನು ಕೇಳಿದರೂ ಇತ್ತ್ ಎನ್ನಬಾರದು. ಇದೆ ಎನ್ನಬೇಕು. ಎಲ್ಲಿ, ಹೇಳಿ ನೋಡುವ." ಮಕ್ಕಳು ಒಂದೇ ಸ್ವರದಲ್ಲಿ "ಇದೆ" ಎಂದರು. ಹಂಚು ಅದುರಿತು. ನನಗೂ ಧೈರ್ಯ ಬಂತು. ಅವರು ಹೇಳಿದ್ದನ್ನು ಹೇಳಿದ ಹಾಗೆ ಕಲಿಯುವ ಮಕ್ಕಳು ಎಂಬುದು ನನಗೆ ಆಗ ನೆನಪಾಗಲಿಲ್ಲ.

ಮೇಡಂ ಬಂದರು. ಗಂಭೀರ ಮುಖ, ಕೈಯಲ್ಲಿ ಟ್ಯಾಬ್. ಮೊದಲು ಬಾವಿಯ ಫೋಟೊ ತೆಗೆಯಬೇಕು, ಅದರ ಪಕ್ಕದಲ್ಲಿ ನಾನು ನಿಲ್ಲಬೇಕು. ನಿಂತೆ. ಫೋಟೊದ ಜೊತೆಗೆ ಜಾಗದ ಗುರುತೂ ದಾಖಲಾಗುತ್ತದೆ. ಅದನ್ನು ನೋಡಿ ಮೇಡಂ ಹುಬ್ಬು ಗಂಟಿಕ್ಕಿದರು. ಟ್ಯಾಬಿನ ಪ್ರಕಾರ ನಾನೂ ಬಾವಿಯೂ ಅರಬ್ಬೀ ಸಮುದ್ರದೊಳಗೆ ನಿಂತಿದ್ದೆವು. ವೀರೇಶರ ಊಹೆಗೆ ಉಪಗ್ರಹವೇ ಸಾಕ್ಷಿ ಹೇಳಿದ ಹಾಗಾಯಿತು. "ಮೇಡಂ, ನೆಲ ಗಟ್ಟಿಯಾಗಿದೆ ನೋಡಿ" ಎಂದು ನಾನು ಒಮ್ಮೆ ಕುಟ್ಟಿ ತೋರಿಸಿದೆ. ಅವರು ನಗಲಿಲ್ಲ.

ಆಮೇಲೆ ತರಗತಿಗೆ ಹೋದೆವು. ಮೇಡಂ ಮುಂದಿನ ಬೆಂಚಿನ ಹುಡುಗನ ಹೆಸರು ಕೇಳಿದರು. ಅವನು ಎದ್ದು ನಿಂತು, "ಇದೆ" ಎಂದ. ಸುಳ್ಳೇನಲ್ಲ. ಊಟಕ್ಕೆ ಇವತ್ತು ಏನು ಎಂದರು. "ಇದೆ" ಎಂದರು ಎಲ್ಲರೂ. ಶಾಲೆಯಲ್ಲಿ ನಿಮಗೆ ಏನಾದರೂ ತೊಂದರೆ ಇದೆಯಾ ಎಂದು ಅವರು ಕೇಳಿದಾಗ, ಇಡೀ ತರಗತಿ ಹಿಂದಿಗಿಂತ ಜೋರಾಗಿ "ಇದೆ" ಎಂದಿತು. ಮೇಡಂ ನನ್ನ ಕಡೆ ತಿರುಗಿದರು. ನಾನು ಕಿಟಕಿಯಾಚೆ ಗಾಳಿಮರಗಳನ್ನು ನೋಡಿದೆ.

ಬಾಯಿಪಾಠ ಮಾಡಿಸಿದ್ದು ಅವರಿಗೆ ಗೊತ್ತಾಗಿರಬೇಕು. ತರಗತಿ ಬಿಟ್ಟು ಹೊರಗೆ ಬಂದು, ಜಗಲಿಯ ಮೇಲೆ ಒಬ್ಬಳೇ ಕೂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ ಶ್ರಾವ್ಯಳ ಪಕ್ಕ ಕುಳಿತರು. ಅವಳು ಹಿಂದಿನ ದಿನ ಜ್ವರವೆಂದು ಬಂದಿರಲಿಲ್ಲ, ನನ್ನ ಇದೆಯ ಪಾಠ ಕೇಳಿರಲಿಲ್ಲ.

"ಆಚೆ ಕಡೆ ದೊಡ್ಡ ಶಾಲೆ ಇದೆಯಲ್ಲ ಪುಟ್ಟಿ, ಅಲ್ಲಿ ಕಂಪ್ಯೂಟರೆಲ್ಲ ಇದೆಯಂತೆ. ಅಲ್ಲಿಗೆ ಹೋಗ್ತೀಯಾ?" ಎಂದು ಮೇಡಂ ಕೇಳಿದರು.

"ಹೋತಿಲ್ಲೆ."

"ಯಾಕೆ?"

"ಇಲ್ಲೇ ಅಮ್ಮಮ್ಮ ಇತ್ತ್."

ಮೇಡಂ ಮುಖ ಒಮ್ಮೆಲೇ ಮೆತ್ತಗಾಯಿತು. ಮಗುವಿನ ತಲೆ ಸವರಿದರು. ಎದ್ದು ನನ್ನ ಹತ್ತಿರ ಬಂದು, "ಅಜ್ಜಿ ತೀರಿಕೊಂಡು ಎಷ್ಟು ದಿನವಾಯಿತು?" ಎಂದು ಪಿಸುಗುಟ್ಟಿದರು. "ಇಲ್ಲೇ ಕೆಲಸಕ್ಕೆ ಇದ್ದರಾ ಪಾಪ?"

ಅಷ್ಟರಲ್ಲಿ ಗಿರಿಜಕ್ಕ ಅಡುಗೆಮನೆಯಿಂದ ಸ್ಟೀಲಿನ ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಬಂದರು. "ಮೇಡಂ, ಚಾ ಕುಡಿನಿ. ಬಿಸಿ ಇತ್ತ್" ಎಂದರು. ಶ್ರಾವ್ಯ ಎದ್ದು ಹೋಗಿ ಅವರ ಸೆರಗು ಹಿಡಿದುಕೊಂಡಳು. "ಇದೇ ನಮ್ ಅಮ್ಮಮ್ಮ" ಎಂದಳು.

ಮೇಡಂ ಒಮ್ಮೆ ಅಜ್ಜಿಯನ್ನು ನೋಡಿದರು, ಒಮ್ಮೆ ಮಗುವನ್ನು ನೋಡಿದರು, ಆಮೇಲೆ ಹಬೆಯಾಡುವ ಚಾ ನೋಡಿದರು. ಲೋಟ ಮುಟ್ಟಿ, ಬಿಸಿಗೆ ಬೆರಳು ಎಳೆದುಕೊಂಡು, ಜೋರಾಗಿ ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ನಾನು ಆ ಚಿಕ್ಕ ಚೌಕದಲ್ಲಿ ಬರೆಯಲಾಗದೆ ಒದ್ದಾಡಿದ್ದು ಅವರಿಗೆ ಒಂದು ಲೋಟ ಚಾದಲ್ಲಿ ತಿಳಿಯಿತು. ಅಲ್ಲೇ ಜಗಲಿಯ ಮೇಲೆ ಕೂತು ಟ್ಯಾಬಿನಲ್ಲಿ ಒಂದೊಂದಕ್ಕೂ "ಇದೆ" ಒತ್ತಿದರು.

ಆದರೂ ಕೊನೆಯ ಮಾತು ಅವರದಲ್ಲ, ಅವರ ಮೇಲಿನ ಅಧಿಕಾರಿಗಳದು. ಆ ಅಧಿಕಾರಿಗಳಿಗೆ ಫೋನು ಮಾಡಲು ನಾನು ಮೇಡಂ ಅವರನ್ನು ಬಾವಿಕಟ್ಟೆಯ ಪಡುವಣ ಮೂಲೆಗೆ ಹತ್ತಿಸಿದೆ. ಕಡಲಿನ ಸದ್ದಿಗೆ ಏನೂ ಕೇಳಿಸುವುದಿಲ್ಲವೆಂದು ಅವರು ಸ್ಪೀಕರ್ ಹಾಕಿದರು. ಗಿರಿಜಕ್ಕ ಖಾಲಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಒಳಗೆ ಹೋಗಲಿಲ್ಲ. ಮೇಡಂ ಹೊಸ ಮಾತು ಕಲಿತ ಹುರುಪಿನಲ್ಲಿ, "ಸಾರ್, ಶಾಲೆ ಇತ್ತ್, ಬಾವಿ ಇತ್ತ್, ಎಲ್ಲಾ ಇತ್ತ್ ಸಾರ್" ಎಂದು ಕೂಗಿ ಹೇಳಿದರು.

ಆ ತುದಿಯಲ್ಲಿರುವವರು ಬೀದರಿನವರೋ ಕೋಲಾರದವರೋ ನನಗೇನು ಗೊತ್ತು? "ಇದೆ ಅನ್ನಿ ಮೇಡಂ, ಇದೆ ಅನ್ನಿ" ಎನ್ನುತ್ತ ಕಟ್ಟೆಯ ಕೆಳಗೆ ನಿಂತು ಕೈಯಾಡಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಗೊರಗೊರ ಸದ್ದು ಬಂತು. ಆಮೇಲೆ ಒಂದು ಆರಾಮದ ದನಿ ಕೇಳಿಸಿತು. ನಮ್ಮ ಕೋಟೇಶ್ವರದ ಸಂತೆಯಲ್ಲಿ ಕೇಳುವಂಥದೇ ದನಿ.

"ಇತ್ತಾ? ಮತ್ತೆಂತಕೆ ಮುಚ್ಚುದ್ ಮೇಡಂ? ಇದ್ರೆ ಇರ್ಲಿ ಅಲ್ದಾ."

ಗಿರಿಜಕ್ಕ ಲೋಟ ತೊಳೆಯಲು ಒಳಗೆ ಹೋದರು.

ವ್ಯಾಕರಣದ ಪ್ರಕಾರ ಇರಲಿ ಎಂಬುದು ಭೂತವೂ ಅಲ್ಲ, ವರ್ತಮಾನವೂ ಅಲ್ಲ. ಅದು ವಿಧ್ಯರ್ಥ. ಅಪ್ಪಣೆಗೂ ಅದೇ ರೂಪ, ಹಾರೈಕೆಗೂ ಅದೇ ರೂಪ. ಅಧಿಕಾರಿಗಳು ಕೊಟ್ಟದ್ದು ಅಪ್ಪಣೆ, ನಮಗೆ ಕೇಳಿಸಿದ್ದು ಹಾರೈಕೆ. ತಂತ್ರಾಂಶದಲ್ಲಿ ಈಗಲೂ "ಇದೆ", "ಇಲ್ಲ" ಎಂಬ ಎರಡೇ ಗುಂಡಿಗಳಿವೆ. ಮೂರನೆಯದಾದ "ಇರಲಿ" ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಯಾರಾದರೂ ಮಣ್ಣುರಸ್ತೆ ಇಳಿದು ಇಲ್ಲಿಯ ತನಕ ಬಂದು, ಕೂತು, ಒಂದು ಲೋಟ ಚಾ ಕುಡಿಯಬೇಕು.